ಮೆಟ್ಟುಗತ್ತಿಯ ಮುಂದಿನ ಮಾತು: ಗೆಳೆಯನಿಗೊಂದು ಪತ್ರ

ಸಾಗರ, ಡಿಸೆಂಬರ್

ಪ್ರೀತಿಯ ಗೆಳೆಯ,

ಅಡಿಕೆಯ ಕೊನೆಕೊಯ್ಲು ಶುರುವಾಗಿ ಹನ್ನೆರಡು ದಿನಗಳಾದವು. ಸಂಜೆ ಏಳರಿಂದ ರಾತ್ರಿ ಹತ್ತೂವರೆಯವರೆಗೆ ಅಂಗಳದಲ್ಲಿ ಕುಳಿತು ಅಡಿಕೆ ಸುಲಿದು, ಕೈಗೆ ಹತ್ತಿದ ಚೊಗರನ್ನು ತಿಕ್ಕಿ ತೊಳೆದು, ಈಗ ಬರೆಯಲು ಕುಳಿತಿದ್ದೇನೆ. ಬೆರಳುಗಳ ಕಪ್ಪು ಹೋಗಿಲ್ಲ. ಶಿವರಾತ್ರಿಯವರೆಗೆ ಹೋಗುವುದೂ ಇಲ್ಲ. ಈ ಪತ್ರವನ್ನು ಎಲ್ಲರೂ ಓದುವ ಕಡೆ ಹಾಕಲೇ ಎಂದು ಮೊನ್ನೆ ನಾನು ಫೋನಿನಲ್ಲಿ ಕೇಳಿದಾಗ ನೀನು “ಹಾಕು ಮಾರಾಯ, ಕೆಲಸ ಹೋದದ್ದು ನನಗೊಬ್ಬನಿಗೇ ಅಲ್ಲ” ಎಂದೆ. ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅಂದು ಇಲ್ಲಿ ಬೆಳಿಗ್ಗೆ ಎಂಟು ಗಂಟೆ. ನ್ಯೂಜೆರ್ಸಿಯಲ್ಲಿ ನಿನಗೆ ಹಿಂದಿನ ರಾತ್ರಿಯ ಒಂಬತ್ತೂವರೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಹೊತ್ತೆಂದರೆ ಹೂವಿನ ಚಿತ್ರದ ಶುಭೋದಯಗಳು, ಯಾರ ಮನೆಯಲ್ಲಿ ಏನು ತಿಂಡಿಯೆಂಬ ವರದಿಗಳು, ರಾಶಿ ಇಡಿ ಅಡಿಕೆಯ ಧಾರಣೆ ಎಲ್ಲವೂ ಒಟ್ಟಿಗೆ ಬಂದು ಬೀಳುವ ಹೊತ್ತು ಎಂಬುದು ನಿನಗೆ ಗೊತ್ತೇ ಇದೆ. ಅವುಗಳ ನಡುವೆ “ನಾಳೆಯಿಂದ ನನಗೆ ಕೆಲಸವಿಲ್ಲ” ಎಂಬ ನಿನ್ನ ಒಂದೇ ಒಂದು ಸಾಲು ಬಂತು. ನಾನು ಬಲಗೈಯಲ್ಲಿ ತೆಳ್ಳೇವು ದೋಸೆ ತಿನ್ನುತ್ತ, ಎಡಗೈಯಲ್ಲಿ, “ಪುಣ್ಯವಂತ! ಇಲ್ಲಿ ನಮಗೆ ಮೈತುಂಬ ಕೆಲಸ, ಬಂದು ಅಡಿಕೆ ಸುಲಿ” ಎಂದು ಒತ್ತಿದೆ. ನಮ್ಮ ಮೇಷ್ಟ್ರು ನಗುವ ಮುಖವೊಂದನ್ನು ಹಾಕಿದ. ಹುಬ್ಬಳ್ಳಿಯವನು “ಪಾರ್ಟಿ ಯಾವಾಗ?” ಎಂದ. ಮಧ್ಯಾಹ್ನದ ಹೊತ್ತಿಗೆ ನೀನು ಗುಂಪು ಬಿಟ್ಟು ಹೋಗಿದ್ದೆ, ಮತ್ತು ಹೇಳಲು ನಾಚಿಕೆಯಾಗುತ್ತದೆ, ಹೋದದ್ದನ್ನು ನಾವು ಯಾರೂ ಗಮನಿಸಲಿಲ್ಲ. ನಾಲ್ಕನೆಯ ದಿನ ನಿನ್ನ ಅಮ್ಮ ಸೊಸೈಟಿಯ ಹತ್ತಿರ ಸಿಕ್ಕಿ, “ಅವನನ್ನು ಕೆಲಸದಿಂದ ಬಿಡಿಸಿದರಂತೆ, 60 ದಿನದೊಳಗೆ ಬೇರೆ ಕಡೆ ಸಿಗದಿದ್ದರೆ ಅಲ್ಲಿ ಇರುವಂತಿಲ್ಲವಂತೆ, ನಿನಗೆ ಹೇಳಿರಬೇಕಲ್ಲ” ಎಂದರು. ನೀನು ಹೇಳಿದ್ದೆ. ನಾನೇ ಕೇಳಿಸಿಕೊಂಡಿರಲಿಲ್ಲ.

ಆ ಮೇಲೆ ನಿನ್ನ ಸಾಲನ್ನು ಹುಡುಕಿ ತೆಗೆದು ಹಲವು ಸಲ ಓದಿದೆ. ಕನ್ನಡದಲ್ಲಿ “ಕೆಲಸವಿಲ್ಲ” ಎಂದರೆ ಪುರುಸೊತ್ತೂ ಹೌದು, ನಿರುದ್ಯೋಗವೂ ಹೌದು. ಎರಡರಲ್ಲಿ ಯಾವುದೆಂದು ಹೇಳುವುದು ಮಾತಲ್ಲ, ಆಡಿದವನ ಮುಖ. ಇಂಥ ಗೊಂದಲ ನಮಗೆ ಹೊಸದೇನಲ್ಲ. ಆರ್ಕುಟ್ ಇದ್ದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದಾಗ, ನೀನು “ಗಾಡಿ ಹಾಳಾಯಿತು” ಎಂದು ಬರೆದದ್ದನ್ನು “ಹಾಲಾಯಿತು” ಎಂದು ಓದಿ ವಾರಗಟ್ಟಲೆ ನಿನ್ನ ಬೈಕಿನಿಂದ ಹಾಲು ಕರೆದೆವಲ್ಲ! 2014ರ ಸೆಪ್ಟೆಂಬರ್ ಕೊನೆಗೆ ಆರ್ಕುಟ್ ಮುಚ್ಚಿದಾಗ ಆ ತಮಾಷೆಗಳೂ ಅದರೊಂದಿಗೇ ಹೋದವು. ಆದರೆ ಅಂದು ತಪ್ಪಾಗಿ ಓದಿದರೆ ನಷ್ಟವಾಗುತ್ತಿದ್ದದ್ದು ಬೈಕಿಗೆ ಮಾತ್ರ.

ಚಿಕ್ಕಂದಿನಲ್ಲಿ ನಿಮ್ಮ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ರಾತ್ರಿಗಳನ್ನು ಈ ದಿನಗಳಲ್ಲಿ ಬಹಳ ನೆನೆಯುತ್ತಿದ್ದೇನೆ. ಹಗಲು ಇಳಿಸಿದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ, ಸುಲಿದು ಹಂಡೆಗೆ ಹಾಕಿ ಬೇಯಿಸಿ ಒಣಗಿಸುವ ಅಟ್ಟಕ್ಕೆ ಏರಿಸಲೇಬೇಕು. ಆದ್ದರಿಂದ ಊಟ ಮುಗಿಸಿದ ನೆರೆಯವರೆಲ್ಲ ಮುಯ್ಯಾಳಾಗಿ ಬಂದು, ಒಂದು ಕಾಲಿನಿಂದ ಮೆಟ್ಟುಗತ್ತಿಯ ಮಣೆಯನ್ನು ಮೆಟ್ಟಿ, ಅದರ ಅಲಗಿಗೆ ಅಡಿಕೆಯನ್ನು ಒತ್ತಿ ಸಿಪ್ಪೆ ಬಿಡಿಸುತ್ತ ಕುಳಿತುಕೊಳ್ಳುತ್ತಿದ್ದರು. ಭದ್ರಾವತಿ ಆಕಾಶವಾಣಿ ಒಂದು ಕಡೆ ತನ್ನ ಪಾಡಿಗೆ ಮಾತಾಡುತ್ತಿತ್ತು. ನಮ್ಮವರ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತಿತ್ತು: ಯಾರ ಎಮ್ಮೆ ಕರು ಹಾಕಿತು, ಮಳೆಗಾಲದಲ್ಲಿ ಎರಡನೆಯ ಸಲ ಬೋರ್ಡೋ ಔಷಧಿ ಹೊಡೆಯಲಾಗದ್ದಕ್ಕೆ ಯಾರ ತೋಟದಲ್ಲಿ ಎಷ್ಟು ಕೊಳೆರೋಗ ಬಂತು, ಹೋದ ವಾರದ ತಾಳಮದ್ದಳೆಯಲ್ಲಿ ಸಂಧಾನದ ಕೃಷ್ಣನ ಎದುರು ಕೌರವ ಹೇಗೆ ಮಾತು ಸಿಗದೆ ಕುಳಿತುಬಿಟ್ಟ. ಅದರಲ್ಲಿ ಮುಕ್ಕಾಲು ಪಾಲು ಎಲ್ಲರಿಗೂ ಮೊದಲೇ ಗೊತ್ತಿದ್ದ ಸುದ್ದಿ. ನಿನ್ನ ಅಜ್ಜ ಕೂಡ ಅಲ್ಲೇ ಇರುತ್ತಿದ್ದರು. ಇಡೀ ರಾತ್ರಿ ಕವಳ ತುಂಬಿದ ಬಾಯಿ ತೆರೆಯದೆ ಕುಳಿತರೂ ಅವರು ಮಾತಿನಿಂದ ಹೊರಗಿದ್ದಾರೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕೈ ಆಡುತ್ತಿತ್ತಲ್ಲ, ಅಷ್ಟು ಸಾಕಿತ್ತು. ಇನ್ನೊಂದು ಮಾತು: ಯಾರಾದರೂ ಸುಲಿಯುವುದನ್ನು ನಿಲ್ಲಿಸಿದರೆ ಉಳಿದವರೂ ತಲೆಯೆತ್ತಿ “ಎಂತಾಯಿತು?” ಎಂದು ಕೇಳುತ್ತಿದ್ದರು. ಮಾತು ಕೇಳದಿದ್ದರೂ ಅಲಗಿನ ಸದ್ದು ನಿಂತದ್ದು ಕೇಳುತ್ತಿತ್ತು.

ಪೋಲೆಂಡಿನಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ, ಪೆಸಿಫಿಕ್ ಸಾಗರದ ಟ್ರೊಬ್ರಿಯಾಂಡ್ ದ್ವೀಪಗಳ ಜನರ ನಡುವೆ ಇದ್ದು ಬಂದವನು, 1923ರ ಒಂದು ಬರಹದಲ್ಲಿ ಇಂಥ ಮಾತಿನ ಬಗ್ಗೆಯೇ ಹೇಳಿದ್ದಾನೆ. ಸುದ್ದಿ ತಿಳಿಸುವುದಕ್ಕಲ್ಲದೆ, ಒಬ್ಬರಿಗೊಬ್ಬರು ಹತ್ತಿರವಿದ್ದೇವೆಂಬುದಕ್ಕಾಗಿಯೇ ಆಡುವ ಮಾತು ಮನುಷ್ಯರಲ್ಲಿ ಎಲ್ಲೆಡೆ ಇದೆಯೆಂದು ಬರೆಯುತ್ತ, ಅದಕ್ಕೆ ಅವನು ಕೊಡುವ ಉದಾಹರಣೆಗಳಲ್ಲಿ ಒಂದು, ಕೈಕೆಲಸ ಮಾಡುತ್ತ, ಆ ಕೆಲಸಕ್ಕೆ ಸಂಬಂಧವೇ ಇಲ್ಲದ ಹರಟೆ ಹೊಡೆಯುವವರದು. ಅವನು ಮಲೆನಾಡಿಗೆ ಬಂದಿರಲಿಲ್ಲ; ಬಂದಿದ್ದರೆ ಅವನಿಗೂ ಒಂದು ಮೆಟ್ಟುಗತ್ತಿ ಕೊಟ್ಟು ಕೂರಿಸಬಹುದಿತ್ತು.

ನೀನು ಗುಂಪು ಬಿಟ್ಟದ್ದು ತಿಳಿದ ಮೇಲೆ ಮೇಷ್ಟ್ರು ತುಂಬ ನೊಂದುಕೊಂಡು, ಇನ್ನು ಮುಂದೆ ಗುಂಪಿನಲ್ಲಿ ಉಪಯುಕ್ತ ವಿಷಯಗಳನ್ನು ಮಾತ್ರ ಹಾಕಬೇಕು, ಕಾಡುಹರಟೆ ಬೇಡ, ಹರಟೆಯ ಗದ್ದಲದಲ್ಲಿಯೇ ನಿನ್ನ ಮಾತು ಮುಳುಗಿದ್ದು ಎಂದು ನಿಯಮ ಮಾಡಿದ. ನಾನು ಒಪ್ಪಲಿಲ್ಲ, ಆದರೂ ಮೂರು ದಿನ ಪಾಲಿಸಿದೆವು. ಗುಂಪು ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡಿನಂತಾಯಿತು. ಎರಡು ಧಾರಣೆ, ಒಂದು ಶ್ರದ್ಧಾಂಜಲಿ, ಮತ್ತೆ ಮೌನ. ನನಗನ್ನಿಸುವುದೇನೆಂದರೆ ನಿನ್ನ ಮಾತನ್ನು ಮುಳುಗಿಸಿದ್ದು ಹರಟೆಯಲ್ಲ. ನಾವು ಹರಟುತ್ತಲೇ ಇರಲಿಲ್ಲ. ಬೇರೆ ಯಾರೋ ಮಾಡಿದ ಚಿತ್ರವನ್ನು, ಬೇರೆ ಯಾರೋ ಬರೆದ ಉಪದೇಶವನ್ನು ಈ ಕಡೆಯಿಂದ ಆ ಕಡೆಗೆ ಸಾಗಿಸುತ್ತಿದ್ದೆವು. 2018ರಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯಿಂದ ಅಮಾಯಕರು ಸತ್ತ ಮೇಲೆ, ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ವಾಟ್ಸ್‌ಆ್ಯಪ್ ಕಂಪನಿಯವರು ಮಿತಿ ಹಾಕಿದರೂ ನಮ್ಮ ಹುಬ್ಬಳ್ಳಿಯವನ ಉತ್ಸಾಹಕ್ಕೆ ಆ ಐದೇ ಧಾರಾಳವಾಯಿತು. “ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ” ಎಂದೋ, “ಮಗಳು ಲೆಕ್ಕ ತಪ್ಪಿದಳು” ಎಂದೋ ತನ್ನದೇ ಮಾತು ಬರೆದವರು ನಮ್ಮಲ್ಲಿ ಕೊನೆಗೆ ನೀನೊಬ್ಬನೇ ಉಳಿದಿದ್ದೆ ಎಂಬುದು ಹಿಂದಿನ ಸಂದೇಶಗಳನ್ನು ನೋಡಿದಾಗ ತಿಳಿಯಿತು.

ಆ ನೀಲಿ ಗೀಟುಗಳ ಮಾತನ್ನೂ ಹೇಳಿಬಿಡುತ್ತೇನೆ. ಮೊನ್ನೆ ನೀನು “ಎಲ್ಲರೂ ಓದಿದ್ದಿರಿ, ನೀಲಿಯಾಗಿತ್ತು” ಎಂದೆ. 2014ರ ನವೆಂಬರ್‌ನಲ್ಲಿ ಅವು ಬಂದಂದಿನಿಂದ, ಸುಮ್ಮನಿರುವುದೂ ಒಂದು ಉತ್ತರವಾಗಿಬಿಟ್ಟಿದೆ. ನಿನ್ನ ಅಜ್ಜನಂತೆ ಮಾತಿಲ್ಲದೆ ಜೊತೆಯಲ್ಲಿರುವ ಬಗೆ ಅಲ್ಲಿ ಇಲ್ಲ. ನಾವು ಓದಿದ್ದು ನಿಜ, ಆದರೆ ತೆಳ್ಳೇವಿನ ತುತ್ತಿನ ನಡುವೆ ಹೆಬ್ಬೆರಳು ಜಾರಿಸಿದ್ದನ್ನು ಓದು ಎಂದು ಯಂತ್ರ ಲೆಕ್ಕ ಹಾಕಬಹುದು, ನೀನು ಹಾಕಬೇಡ. ಇದು ಸಮಜಾಯಿಷಿಯಂತೆ ಕೇಳಿಸಿದರೆ ಕ್ಷಮಿಸು. ತಪ್ಪು ನನ್ನದೇ, ಹೆಬ್ಬೆರಳಿನದಲ್ಲ.

ಮರಳಿ ಗುಂಪಿಗೆ ಬಾ ಎಂದು ನಾನು ಕರೆಯುವುದಿಲ್ಲ. ಬೇರೊಂದು ಕೇಳಿಕೆ ಇದೆ. ಈಗ ಊರಿನಲ್ಲಿ ಹೆಚ್ಚಿನವರು ಅಡಿಕೆಯನ್ನು ಯಂತ್ರಕ್ಕೆ ಕೊಡುತ್ತಾರೆ. ಅದರ ಸದ್ದಿನಲ್ಲಿ ಮಾತಾಡಲು ಸಾಧ್ಯವಿಲ್ಲ. ನಾನೂ ಕೊಡುತ್ತೇನೆ, ಆದರೆ ದಿನಕ್ಕೆ ಎರಡು ಡಬ್ಬದಷ್ಟನ್ನು ಕೈಯಲ್ಲೇ ಸುಲಿಯಲು ಉಳಿಸಿಕೊಳ್ಳುತ್ತೇನೆ, ಲಾಭಕ್ಕಲ್ಲ. ಸಂಜೆ ಏಳಕ್ಕೆ ಕುಳಿತಾಗ ನಿನಗೆ ಬೆಳಿಗ್ಗೆ ಎಂಟೂವರೆ. ಮೊದಲಾದರೆ ಅದು ನೀನು ಕಚೇರಿಯ ರೈಲು ಹಿಡಿಯುವ ಹೊತ್ತು. ಈಗ ಕಾಫಿ ಮಾಡಿಕೊಳ್ಳುತ್ತಲೋ, ಅರ್ಜಿಗಳನ್ನು ಬರೆಯುತ್ತಲೋ ನನಗೆ ಫೋನು ಮಾಡಿ ಪಕ್ಕಕ್ಕಿಡು. ನಾನೂ ಸ್ಪೀಕರ್ ಹಾಕಿ ಬುಟ್ಟಿಯ ಹತ್ತಿರ ಇಡುತ್ತೇನೆ. ಮಾತಾಡಬೇಕೆಂದಿಲ್ಲ. ಕರೆಂಟು ಹೋಗಿ ಟವರ್ ನಿಂತರೆ ಕಡಿತವಾಗುತ್ತದೆ, ಆಗ ಸಿಟ್ಟಾಗಬೇಡ.

ನಿನ್ನೆ ಇಲ್ಲಿ ಅಕಾಲದ ಮೋಡ ಕವಿದು ಅಟ್ಟದ ಅಡಿಕೆಯೆಲ್ಲ ಒಣಗದೆ ಉಳಿಯಿತು. ಅಮ್ಮ ಮಧ್ಯಾಹ್ನದಿಂದ ಆಕಾಶವನ್ನೇ ಬೈಯುತ್ತಿದ್ದಾಳೆ. ನಿಮ್ಮಲ್ಲಿ ಹಿಮ ಬಿತ್ತೇ? ತಿಂಡಿಗೆ ಏನು ಮಾಡಿಕೊಂಡೆ?

ನಿನ್ನ,
ಅಂಗಳದಾಚೆಯ ಮನೆಯವನು