ಗ್ರಂಥಾಲಯದ ಅಣ್ಣಾರಿಗೆ ಶರಣು

ರಾಯಚೂರಿನಲ್ಲಿ ಬಿಎ ಓದುತ್ತಿರುವ ನನಗೆ ಮರುದಿನವೇ ಸಣ್ಣಕತೆಗಳ ಮೇಲೆ ಸೆಮಿನಾರ್ ಇತ್ತು. 1920ರಲ್ಲಿ ಮೊದಲ ಸಂಕಲನ ತಂದ ಮಾಸ್ತಿ ಒಂದು ಕಡೆ, ನಮ್ಮ ಜಿಲ್ಲೆಯವರೇ ಆದ ಅಮರೇಶ ನುಗಡೋಣಿ ಇನ್ನೊಂದು ಕಡೆ. ಇಬ್ಬರ ಕತೆಗಳನ್ನೂ ಇಟ್ಟುಕೊಂಡು ಮಾತಾಡಬೇಕು. ನನಗೆ ಸಿಕ್ಕಿದ್ದ ಪುಸ್ತಕದಲ್ಲಿ ಬೇಕಾದ ಹಾಳೆಗಳೇ ಕಿತ್ತುಹೋಗಿದ್ದವು. ಬಾಗಿಲು ಹಾಕುವ ಹೊತ್ತಿಗೆ ಸಾರ್ವಜನಿಕ ಗ್ರಂಥಾಲಯಕ್ಕೆ ಓಡಿದೆ.

ಕೀಲಿ ಹಿಡಿದು ನಿಂತಿದ್ದವರು ನನ್ನ ಮುಖ ನೋಡಿ, "ಕುಂದ್ರವಾ, ಮೊದ್ಲು ನೀರು ಕುಡಿ" ಅಂದರು. ಸ್ಟೂಲ್ ಹತ್ತಿ ಪುಸ್ತಕ ಇಳಿಸಿದರು. ಹೆಗಲ ಮೇಲಿನ ಟವೆಲ್‌ನಿಂದ ಧೂಳು ಒರೆಸಿ, ಹಳೇ ಪೇಪರ್ ಚೂರು ಹರಿದು ಪುಟಗಳಲ್ಲಿ ಗುರುತು ಇಟ್ಟರು. "ಕತಿ ಯಾರು ಹೇಳಾಕತ್ತಾರ ಅನ್ನೋದನ್ನ ಹಿಡದು ಓದು" ಅಂದರು. ಹೌದಲ್ಲ, ಮಾಸ್ತಿಯವರಲ್ಲಿ ಎಷ್ಟೋ ಸಲ ಒಬ್ಬರು ಕೂತು ಇನ್ನೊಬ್ಬರಿಗೆ ಕತೆ ಹೇಳುತ್ತಾರೆ! ನನಗೆ ದಾರಿ ಸಿಕ್ಕಿತು, ಎದೆ ಹಗುರಾಯಿತು.

ಬರೆದುಕೊಳ್ಳುವವರೆಗೂ ನನ್ನ ತಲೆ ಮೇಲಿನ ಟ್ಯೂಬ್‌ಲೈಟ್ ಒಂದನ್ನು ಆರಿಸದೆ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಅಣ್ಣಾರ, ಸೆಮಿನಾರ್ ಭಾಳ ಚಲೋ ಆತ್ರಿ.