ಲಂಡನ್–ಪ್ಯಾರಿಸ್ ರೈಲು: ಹೊರಡುವವರು ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನಲ್ಲಿ ರೈಲೇ ಇಲ್ಲ, ಹತ್ತಬೇಕಂದರೆ ಮೈಸೂರಿಗೋ ಕಣ್ಣೂರಿಗೋ ಇಳಿಯಬೇಕು. ಅದಕ್ಕೇ ಲಂಡನ್–ಪ್ಯಾರಿಸ್ ನಡುವೆ ಓಡುವ ಯೂರೋಸ್ಟಾರ್ ರೈಲಿನ ಬಗ್ಗೆ ಪ್ರಶ್ನೆ ಜಾಸ್ತಿ, ಅಲ್ವಾ?

ಪ್ರಯಾಣ ಸುಮಾರು 2 ಗಂಟೆ 20 ನಿಮಿಷ. ಬ್ರಿಟನ್ ವೀಸಾ ಒಂದೇ ಸಾಲದು, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಶೆಂಗೆನ್ ವೀಸಾವೂ ಬೇಕು. ಫ್ರಾನ್ಸ್ ಅಧಿಕಾರಿಗಳು ಮಾಡುವ ಪಾಸ್‌ಪೋರ್ಟ್ ತಪಾಸಣೆ ಲಂಡನ್‌ನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲೇ ಆಗುತ್ತದೆ. ಹಾಗಾಗಿ ಬೇಗ ಹೋಗಿ. ಮಡಿಕೇರಿ ಬಸ್ಸಿನ ಹಾಗೆ ಕೊನೇ ಗಳಿಗೆಯಲ್ಲಿ ಓಡಿ ಹತ್ತುವುದು ಇಲ್ಲಿ ನಡೆಯುವುದಿಲ್ಲ.

ಸಮುದ್ರದಡಿ ಹಾದುಹೋಗುವ ಸುರಂಗ 50 ಕಿಲೋಮೀಟರ್. ಮೀನು ಕಾಣುತ್ತಾ ಅಂತ ಕೇಳಿದವರಿಗೆ: ಬರೀ ಕತ್ತಲೆ, ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಕಾಫಿಪುಡಿ, ಕಾಚಂಪುಳಿ (ನಮ್ಮ ಕೊಡಗಿನ ಹುಳಿರಸ) ಬಾಟಲಿ ಒಯ್ಯಬಹುದು. ವಿಮಾನದಲ್ಲಿ ದ್ರವಕ್ಕಿರುವ 100 ಮಿಲಿ ಲೆಕ್ಕ ಇಲ್ಲಿಲ್ಲ. ಹಂದಿಮಾಂಸದ ಡಬ್ಬಿ ಮಾತ್ರ ಬೇಡ; ಹೊರಗಿನ ಮಾಂಸ ಯುರೋಪ್ ಒಕ್ಕೂಟದೊಳಗೆ ಬಿಡುವುದಿಲ್ಲ.

ಪ್ಯಾರಿಸ್‌ನಲ್ಲಿ ಗಡಿಯಾರ ಲಂಡನ್ ಸಮಯಕ್ಕಿಂತ 1 ಗಂಟೆ ಮುಂದಕ್ಕೆ ಇಟ್ಟುಕೊಳ್ಳಿ. ವೀಸಾ ಬಂದವರು ಶನಿವಾರದೊಳಗೆ ಇಲ್ಲೇ ತಿಳಿಸಿ.