ಕ್ಯಾಮೆರಾ ವಿಮರ್ಶೆ ಮಂದ ಬೆಳಕಿನಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ಹೊಸದಾಗಿ ಫೋಟೊ ತೆಗೆಯಲು ಕಲಿಯುವವರಿಗೆಂದು ಪತ್ರಿಕೆಗಳಲ್ಲಿ ಬರುವ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾ ವಿಮರ್ಶೆಗಳು ಬಹುತೇಕ ಒಂದೇ ಅಚ್ಚಿನವು. ಮೆಗಾಪಿಕ್ಸೆಲ್ ಎಷ್ಟು, 4ಕೆ ವಿಡಿಯೊ ಇದೆಯೇ, ತೂಕ ಎಷ್ಟು, ಹಗಲು ತೆಗೆದ ಎರಡು ಹೂವಿನ ಚಿತ್ರ; ಅಲ್ಲಿಗೆ ಮುಗಿಯಿತು. ಒಳ್ಳೆಯ ಬಿಸಿಲಿನಲ್ಲಿ ಫೋನೂ ಚೆನ್ನಾಗಿಯೇ ತೆಗೆಯುತ್ತದೆ. ಕಲಿಯುವವರು ಎಡವುವುದು ಸಂಜೆ, ಮನೆಯೊಳಗೆ, ಓಡಾಡುವ ಮಗುವಿನ ಮುಂದೆ. ಪರೀಕ್ಷೆ ನಡೆಯಬೇಕಾದ್ದೂ ಅಲ್ಲೇ.

ಮೊದಲು ನೋಡಬೇಕಾದ್ದು ಬಾಡಿಯನ್ನಲ್ಲ, ಜೊತೆಗೆ ಬರುವ ಕಿಟ್ ಲೆನ್ಸನ್ನು. ಕ್ಯಾನನ್ ಆರ್50, ಆರ್100ರ ಜೊತೆ ಸಿಗುವ 18-45 ಎಂಎಂ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಬೆಳಕು ಬರುವ ಈ ಕಿಂಡಿಯೇ ಅಪರ್ಚರ್; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು). ನಿಕಾನ್ ಝಡ್30ರ 16-50 ಎಂಎಂ ಲೆನ್ಸೂ ಅಷ್ಟೇ. ಸಾಧಾರಣ ದೀಪವಿರುವ ಕೋಣೆಯಲ್ಲಿ ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸಬೇಕೆಂಬ ಮಟ್ಟ) 1600 ಇಟ್ಟರೆ ಶಟರ್ ವೇಗ (ಶಟರ್ ಎಷ್ಟು ಬೇಗ ತೆರೆದು ಮುಚ್ಚುತ್ತದೆ ಎಂಬುದು) 1/13 ಸೆಕೆಂಡಿನ ಆಸುಪಾಸಿಗೆ ಇಳಿದುಬಿಡುತ್ತದೆ. ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕವನ್ನು ತಡೆದೀತು, ಮಗುವಿನ ಓಟವನ್ನಲ್ಲ. ಹಿಂದಿನ ಕಪಾಟು ಸ್ಪಷ್ಟವಾಗಿ, ಮುಖ ಮಾತ್ರ ಕದಡಿ ಬರುತ್ತದೆ. ಕೊಂಡವರು ಫೋಕಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದು ಶಟರ್ ವೇಗದ ಲೆಕ್ಕ.

ಅದೇ ಬೆಳಕಿನಲ್ಲಿ ಎಫ್/1.8 ಲೆನ್ಸ್ ಸುಮಾರು 12 ಪಟ್ಟು ಹೆಚ್ಚು ಬೆಳಕು ಒಳಬಿಡುತ್ತದೆ, ಶಟರ್ 1/160ಕ್ಕೆ ಏರುತ್ತದೆ. ಸದ್ಯಕ್ಕೆ ಕಿಟ್ ಲೆನ್ಸಿನಲ್ಲೇ ಸಾಗಿಸುವವರು ಜೂಮ್ ಮಾಡುವ ಬದಲು ಹತ್ತಿರ ಹೋಗಬೇಕು: 18 ಎಂಎಂನಲ್ಲಿ ಆ ಕ್ಯಾನನ್ ಲೆನ್ಸ್ ಎಫ್/4.5, ಬೆಳಕು ಎರಡು ಪಟ್ಟು. ಆಟೊ ಐಎಸ್‌ಒ ಮಿತಿಯನ್ನು 6400ಕ್ಕೆ ಏರಿಸಿದರೆ ಶಟರ್ ವೇಗ ಇನ್ನೂ ನಾಲ್ಕು ಪಟ್ಟು. ಎರಡೂ ಸೇರಿ 1/100 ಸಿಗುತ್ತದೆ. ಚಿತ್ರದಲ್ಲಿ ಒಂದಷ್ಟು ನಾಯ್ಸ್ (ಮರಳಿನಂಥ ಚುಕ್ಕೆಗಳು) ಕಾಣಿಸುತ್ತದೆ, ಕಾಣಿಸಲಿ. ಅದನ್ನು ಆಮೇಲೆ ಕಡಿಮೆ ಮಾಡಬಹುದು, ಕದಡಿದ ಮುಖವನ್ನು ಸರಿಮಾಡಲಾಗದು. ಆಟೊ ಐಎಸ್‌ಒಗೆ ಕನಿಷ್ಠ ಶಟರ್ ವೇಗ ಗೊತ್ತುಮಾಡುವ ಆಯ್ಕೆ ಮೆನುವಿನಲ್ಲಿ ಇದೆಯೇ ಎಂಬುದನ್ನು ವಿಮರ್ಶಕರು ಹೇಳಲೇಬೇಕು. ಇಲ್ಲದಿದ್ದರೆ ಶಟರ್ ವೇಗವನ್ನು ನಾವೇ ಆರಿಸುವ ಶಟರ್ ಪ್ರಯಾರಿಟಿ ಮೋಡ್‌ನಲ್ಲಿ 1/100 ಇಟ್ಟು ಐಎಸ್‌ಒ ಆಟೊದಲ್ಲಿ ಬಿಡುವುದೇ ದಾರಿ.

ಎರಡನೆಯ ಲೆನ್ಸಿನ ಮಾತಿಲ್ಲದ ವಿಮರ್ಶೆ ಅರ್ಧ ವಿಮರ್ಶೆ. ಎಲ್ಲರೂ ಕಣ್ಣುಮುಚ್ಚಿ ಹೇಳುವ 50 ಎಂಎಂ ಎಫ್/1.8 ಲೆನ್ಸ್ ಈ ಕ್ಯಾಮೆರಾಗಳಲ್ಲಿರುವ ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರ್ ಮೇಲೆ ಕೋಣೆಯೊಳಗೆ ಇಕ್ಕಟ್ಟು: ಮೂರು ಮೀಟರ್ ದೂರ ನಿಂತರೂ ಚೌಕಟ್ಟಿಗೆ ಸಿಗುವುದು ಸುಮಾರು 1.3 ಮೀಟರ್ ಅಗಲ. 35 ಎಂಎಂ ಆದರೆ ಎರಡು ಮೀಟರ್‌ನಷ್ಟು ಸಿಗುತ್ತದೆ, ಇಬ್ಬರು ಮೂವರು ಆರಾಮವಾಗಿ ಹಿಡಿಸುತ್ತಾರೆ. ಅಂಥ ಲೆನ್ಸ್ ಆ ಕ್ಯಾಮೆರಾದ ಮೌಂಟ್‌ಗೆ (ಲೆನ್ಸ್ ಕೂರಿಸುವ ಜೋಡಣೆಗೆ) ಕೈಗೆಟಕುವಂತೆ ಸಿಗುತ್ತದೆಯೇ? ಸೋನಿ ಇ-ಮೌಂಟ್‌ಗೆ ಬೇರೆ ಕಂಪನಿಗಳ ಲೆನ್ಸ್‌ಗಳು ಬಹುಕಾಲದಿಂದ ಇವೆ. ಕ್ಯಾನನ್ ಆರ್‌ಎಫ್ ಮೌಂಟ್‌ನ ಎಪಿಎಸ್-ಸಿ ಕ್ಯಾಮೆರಾಗಳಿಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಪ್ರಕಟವಾದದ್ದು 2024ರಲ್ಲಷ್ಟೇ. ಇನ್ನೊಂದು ಮಾತು: ಆರ್50, ಆರ್100, ಝಡ್30, ಸೋನಿ ಝಡ್‌ವಿ-ಇ10 ಯಾವುದರಲ್ಲೂ ಬಾಡಿಯೊಳಗೆ ಸ್ಟೆಬಿಲೈಸೇಷನ್ ಇಲ್ಲ. ಲೆನ್ಸಿನಲ್ಲೂ ಇಲ್ಲದಿದ್ದರೆ ಕೈ ನಡುಕ ನೇರವಾಗಿ ಚಿತ್ರಕ್ಕಿಳಿಯುತ್ತದೆ.

‘ಸದ್ದಿಲ್ಲದ ಶಟರ್’ ಎಂದು ಹೊಗಳುವ ಎಲೆಕ್ಟ್ರಾನಿಕ್ ಶಟರ್‌ನ ಕಥೆಯೇ ಬೇರೆ. ಈ ದರ್ಜೆಯ ಕ್ಯಾಮೆರಾಗಳಲ್ಲಿ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ, ನಿಧಾನವಾಗಿ ಓದುತ್ತದೆ. ಅಷ್ಟರಲ್ಲಿ ಮಿನುಗುವ ದೀಪ ಹಲವು ಬಾರಿ ಮಂಕಾಗಿ ಬೆಳಗಿರುತ್ತದೆ, ಚಿತ್ರಕ್ಕೆ ಅಡ್ಡಪಟ್ಟಿಗಳು ಬೀಳುತ್ತವೆ. ಪರೀಕ್ಷಿಸುವುದು ಸುಲಭ. ಎಲ್‌ಇಡಿ ದೀಪದ ಕೆಳಗೆ ಬಿಳಿ ಗೋಡೆಯನ್ನು 1/1000ರಲ್ಲಿ ತೆಗೆಯಿರಿ. ಆಮೇಲೆ ಕ್ಯಾಮೆರಾವನ್ನು ಅಡ್ಡಕ್ಕೆ ಸರ್ರನೆ ತಿರುಗಿಸುತ್ತಾ ಬಾಗಿಲ ಚೌಕಟ್ಟನ್ನು ತೆಗೆಯಿರಿ. ಮೊದಲನೆಯದರಲ್ಲಿ ಪಟ್ಟಿ, ಎರಡನೆಯದರಲ್ಲಿ ವಾಲಿದ ಬಾಗಿಲು ಕಂಡರೆ ಸದ್ದು ಮಾಡುವ ಶಟರ್ರೇ ಮೇಲು. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ ಶಟರ್ 1/50 ಅಥವಾ 1/100ರಲ್ಲಿದ್ದರೆ ಪಟ್ಟಿ ಸಾಮಾನ್ಯವಾಗಿ ಮಾಯ.

4ಕೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಸಾಲದು. ಆರ್100 4ಕೆ ವಿಡಿಯೊದಲ್ಲಿ ದೃಶ್ಯದ ಅಂಚುಗಳನ್ನು ಸುಮಾರು 1.55 ಪಟ್ಟು ಕತ್ತರಿಸುತ್ತದೆ, ಕ್ಯಾನನ್‌ನ ವೇಗದ ಆಟೊಫೋಕಸ್ ಆದ ಡ್ಯುಯಲ್ ಪಿಕ್ಸೆಲ್ ಫೋಕಸ್ ಕೂಡ ಆಗ ಕೆಲಸ ಮಾಡುವುದಿಲ್ಲ. ಕ್ಯಾಮೆರಾವನ್ನು ತನ್ನತ್ತ ಹಿಡಿದು ಮಾತಾಡುವವರ ಚೌಕಟ್ಟಿನ ತುಂಬ ಮುಖವೇ ಉಳಿಯುತ್ತದೆ. ಅದಕ್ಕೆ ಟಚ್‌ಸ್ಕ್ರೀನ್ ಸಹ ಇಲ್ಲ; ಫೋನಿನಲ್ಲಿ ಬೆರಳಿಟ್ಟು ಫೋಕಸ್ ಮಾಡಿ ರೂಢಿಯಾದವರಿಗೆ ಇದು ದಿನವೂ ಕಾಡುವ ಕೊರತೆ. ಝಡ್30, ಝಡ್‌ವಿ-ಇ10ಗಳಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ನಡುಹಗಲಲ್ಲಿ ಪರದೆಯ ಮೇಲೆ ಅಂದಾಜಿನಿಂದಲೇ ಕೆಲಸ.

ಮೆಗಾಪಿಕ್ಸೆಲ್ ವಿಷಯಕ್ಕೆ ಒಂದೇ ಸಾಲು ಸಾಕು: 20.9 ಮತ್ತು 24.2ರ ನಡುವೆ ಚಿತ್ರದ ಅಗಲದಲ್ಲಿ 432 ಪಿಕ್ಸೆಲ್ ವ್ಯತ್ಯಾಸ, ಎರಡರಿಂದಲೂ ಎ3 ಅಳತೆಯ ಒಳ್ಳೆಯ ಪ್ರಿಂಟ್ ತೆಗೆಯಬಹುದು.

ಆದ್ದರಿಂದ ಮುಂದಿನ ವಿಮರ್ಶೆಗಳಲ್ಲಿ ರಾತ್ರಿ ಕೋಣೆಯೊಳಗೆ, ಕಿಟ್ ಲೆನ್ಸಿನಿಂದ, ನಡೆದು ಬರುತ್ತಿರುವ ಒಬ್ಬರ ಚಿತ್ರವೊಂದನ್ನಾದರೂ ಪ್ರಕಟಿಸಿ. ಅದರ ಕೆಳಗೆ ಶಟರ್ ವೇಗ, ಅಪರ್ಚರ್, ಐಎಸ್‌ಒ ಮೂರನ್ನೂ ನಮೂದಿಸಿ. ಒಂದು ಹೂವಿನ ಚಿತ್ರ ಕೈಬಿಟ್ಟರೆ ಜಾಗ ಸಿಗುತ್ತದೆ.

— ಛಾಯಾಗ್ರಹಣ ಕಲಿಸುವ ಓದುಗರೊಬ್ಬರು